ವಿಮಾನದ ಔನ್ನತ್ಯವೂ ದೇಹಧರ್ಮವೂ



ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಜಾವಳಕ್ಕೆಂದೋ ನಮ್ಮ ಧಾರವಾಡದ ಮಾಳಮಡ್ಡಿ, ಸಪ್ತಾಪುರಗಳ ಹಿರಿಯರು ಅಮೆರಿಕೆಗೆ ಹೊರಡುವುದು ಇಂದು ಮನೆಮನೆಯ ಸಂಗತಿಯಾಗಿರುವುದರಿಂದ, ಅವರು ಆತಂಕದಿಂದ ಕೇಳುವ ಪ್ರಶ್ನೆಯೊಂದನ್ನೇ ಈ ಸಂಜೆಯ ವಿಷಯವಾಗಿ ಎತ್ತಿಕೊಂಡಿದ್ದೇನೆ: ಅಷ್ಟು ಎತ್ತರದಲ್ಲಿ ಉಸಿರಿಗೆ ತೊಂದರೆಯಾಗದೆ?

ಜೆಟ್ ವಿಮಾನಗಳು ಸಾಮಾನ್ಯವಾಗಿ ಮೂವತ್ತೈದು ಸಾವಿರ ಅಡಿಗಳ ಆಸುಪಾಸಿನಲ್ಲಿ ಸಂಚರಿಸುವುದು ಅಲ್ಲಿ ವಾಯುವು ವಿರಳವಾಗಿ, ಎದುರುತಡೆಯೂ ಇಂಧನವ್ಯಯವೂ ತಗ್ಗುವುದರಿಂದ. ಆದರೆ ಅಲ್ಲಿನ ವಾಯುಭಾರವು ಸಮುದ್ರಮಟ್ಟದ ಕಾಲುಭಾಗಕ್ಕಿಂತಲೂ ಕಡಿಮೆ. ಆ ಗಾಳಿಯನ್ನೇ ಉಸಿರಾಡಬೇಕಾಗಿ ಬಂದವನ ಎಚ್ಚರ ಒಂದು ನಿಮಿಷ ಉಳಿದರೆ ಹೆಚ್ಚು. ಅದಕ್ಕಾಗಿಯೇ ಒಳಗೆ ಗಾಳಿಯನ್ನು ಒತ್ತಿ ತುಂಬುವರು. ಆದರೆ ವಿಮಾನದ ಒಡಲಿನ ಮೇಲಿನ ಒತ್ತಡವನ್ನು ಮಿತಿಯಲ್ಲಿರಿಸಬೇಕಾಗಿರುವುದರಿಂದ ನೆಲದ ವಾಯುಭಾರವನ್ನು ಪೂರ್ತಿಯಾಗಿ ಒದಗಿಸದೆ, 8,000 ಅಡಿಗಳ ಬೆಟ್ಟದ ಮೇಲಿರುವಷ್ಟಕ್ಕಿಂತ ಕಡಿಮೆಯಾಗದಂತೆ ಮಾತ್ರ ಕಾಯುವರು. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ. ಉದಕಮಂಡಲವೂ 8,000 ಅಡಿಗಳಿಗೆ ಕೆಳಗೇ ಉಳಿಯುತ್ತದೆ. ಧಾರವಾಡದಂಥ ಸುಮಾರು 2,400 ಅಡಿಗಳ ಊರಿನಲ್ಲಿ ಬಾಳಿದ ವೃದ್ಧರು, ಕುಳಿತ ಆಸನದಿಂದ ಏಳದೆಯೇ, ಕರ್ನಾಟಕದ ಯಾವ ಶಿಖರಕ್ಕೂ ಮಿಗಿಲಾದ ಎತ್ತರದ ಗಾಳಿಯಲ್ಲಿ ಹಗಲಿರುಳು ಕಳೆಯಬೇಕಾಗಬಹುದೆಂಬುದನ್ನು ದಯವಿಟ್ಟು ಗಮನಿಸಿರಿ.

ಆರೋಗ್ಯವಂತನ ರಕ್ತದಲ್ಲಿ ಪ್ರಾಣವಾಯು ತುಸು ಇಳಿದರೂ ಬಾಧೆಯಿಲ್ಲ. ಶ್ವಾಸಕೋಶದ ಹಳೆಯ ವ್ಯಾಧಿ, ತೀವ್ರ ರಕ್ತಹೀನತೆ, ಇತ್ತೀಚೆಗೆ ಸಂಭವಿಸಿದ ಹೃದಯಾಘಾತ ಇವುಳ್ಳವರಿಗೆ ಮಾತ್ರ ಆ ಇಳಿತವೇ ಅಪಾಯವಾದೀತು. ದೇಹದೊಳಗೆ ಸಿಲುಕಿದ ಗಾಳಿಯೂ ಆ ಎತ್ತರದಲ್ಲಿ ಮೂರನೆಯ ಒಂದು ಪಾಲಿನಷ್ಟು ಹಿಗ್ಗುವುದರಿಂದ, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಕೆಲಕಾಲ ತಡೆಯಬೇಕು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಾದರೂ, ಅದಕ್ಕೆ ಎತ್ತರಕ್ಕಿಂತ ನಿಶ್ಚಲತೆಯೇ ಮುಖ್ಯ ಕಾರಣ. ನಡುನಡುವೆ ಎದ್ದು ಓಡಾಡಿದರೆ ಒಳ್ಳೆಯದು.

2018ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಜಯಪುರಕ್ಕೆ ಹೊರಟ ವಿಮಾನವೊಂದರಲ್ಲಿ ವಾಯುಭಾರ ಕಾಯುವ ಸ್ವಿಚ್ಚನ್ನು ಹಾಕಲು ಮರೆತುದರಿಂದ, ಅನೇಕರ ಕಿವಿ ಮೂಗುಗಳಲ್ಲಿ ರಕ್ತ ಸುರಿದು, ವಿಮಾನ ಹಿಂದಿರುಗಬೇಕಾಯಿತು. ಬೆಂಗಳೂರಿನಲ್ಲಿ ವಾಯುಸೇನೆಯು 1957ರಲ್ಲಿ ಸ್ಥಾಪಿಸಿದ ವೈಮಾನಿಕ ವೈದ್ಯಸಂಸ್ಥೆಯು ಚಾಲಕರನ್ನು ವಾಯುಭಾರ ತಗ್ಗಿಸಿದ ಕೋಣೆಯಲ್ಲಿ ಕೂರಿಸಿ ಪ್ರಾಣವಾಯುವಿನ ಕೊರತೆಯ ಲಕ್ಷಣಗಳನ್ನು ಅವರವರಿಗೇ ಪರಿಚಯಿಸುವುದುಂಟು; ಏಕೆಂದರೆ ಆ ಕೊರತೆಯು ಉಬ್ಬಸವಾಗಿ ಬಾರದೆ, ಎಷ್ಟೋ ವೇಳೆ ಹರ್ಷದ ಮಂಪರಾಗಿ ಬರುತ್ತದೆ. ಮುಖವಾಡ ಇಳಿದಾಗ ಮೊದಲು ನೀವು ಧರಿಸಿ, ಆಮೇಲೆ ಮಗುವಿಗೆ ತೊಡಿಸಿರೆಂಬ ಸೂಚನೆಯ ಮರ್ಮವಿದು.

ಹೃದಯದ ಅಥವಾ ಉಸಿರಿನ ಬೇನೆಯುಳ್ಳ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಟಿಕೀಟು ತೆಗೆಸುವ ಮೊದಲೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಪ್ರಾಣವಾಯುವಿನ ನೆರವು ಬೇಕೆಂದು ವೈದ್ಯರು ಹೇಳಿದರೆ, ವಿಮಾನ ಸಂಸ್ಥೆಗೆ ಮುಂಚಿತವಾಗಿ ಬರೆದು ತಿಳಿಸಿರಿ.