ಹಳೆಯ ಕಾರು, ಹೊಸ ಒಡೆಯ

(ಕೂಟದ ಸ್ಥಾಪನಾ ದಿನಾಚರಣೆಯ ಸಂದರ್ಭದಲ್ಲಿ ಮಾಡಿದ ಭಾಷಣದ ಪಠ್ಯ)



ಈ ಸಮಾರಂಭದಲ್ಲಿ ನಾಲ್ಕು ಮಾತನಾಡಬೇಕೆಂದು ಸಮಿತಿಯವರು ಕೇಳಿದಾಗ, ವೈದ್ಯರಾದ ನಾವು ಸಕ್ಕರೆ ಕಾಯಿಲೆಯ ಬಗ್ಗೆಯೋ ರಕ್ತದೊತ್ತಡದ ಬಗ್ಗೆಯೋ ಹೇಳುತ್ತೇವೆಂದು ಅವರು ಭಾವಿಸಿದ್ದಿರಬೇಕು. ಊಟಕ್ಕೆ ಮುಂಚೆ ಆ ವಿಷಯ ಎತ್ತಿದರೆ ಹೋಳಿಗೆ ಮಾಡಿ ತಂದವರಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ನಮಗೇ ಅಂಟಿಕೊಂಡಿರುವ ಬೇರೊಂದು ಕಾಯಿಲೆಯ ವಿಷಯ ಹೇಳುತ್ತೇವೆ. ಹಳೆಯ ಐಷಾರಾಮಿ ಕಾರುಗಳನ್ನು ಕೊಳ್ಳುವುದು, ರಿಪೇರಿ ಮಾಡಿಸುವುದು, ಕೆಲವು ವರ್ಷ ಇಟ್ಟುಕೊಂಡು ಮತ್ತೊಬ್ಬರಿಗೆ ಮಾರುವುದು. 2012ರಿಂದ ಈಚೆಗೆ ಮೂರು ಕಾರು ಕೊಂಡಿದ್ದೇವೆ, ಎರಡನ್ನು ಮಾರಿದ್ದೇವೆ. ಲಾಭ ಎಷ್ಟು ಬಂತು ಎಂದು ಹಿಂದಿನ ಸಾಲಿನವರು ಆಗಲೇ ಕೇಳುತ್ತಿದ್ದಾರೆ. ಅದಕ್ಕೂ ಬರುತ್ತೇವೆ.

ಈ ಹುಚ್ಚು ನಮಗೆ ಅಮೆರಿಕದಲ್ಲಿ ಹಿಡಿದದ್ದಲ್ಲ. ನಾವು ಮೈಸೂರಿನವರು. ಒಂದು ಕಾಲಕ್ಕೆ ಮೈಸೂರು ಅರಮನೆಯವರು ರೋಲ್ಸ್ ರಾಯ್ಸ್ ಕಾರುಗಳನ್ನು ಒಂದಲ್ಲ, ಎರಡಲ್ಲ, ಏಳೇಳರಂತೆ ಕೊಳ್ಳುತ್ತಿದ್ದರಂತೆ. ಒಬ್ಬನೇ ಗಿರಾಕಿಗೆ ಒಟ್ಟಿಗೆ ಅನೇಕ ಕಾರು ಮಾರುವುದಕ್ಕೆ ಆ ಕಂಪನಿಯಲ್ಲಿ 'ಮೈಸೂರು ಮಾಡುವುದು' ಎಂಬ ಮಾತೇ ಹುಟ್ಟಿತೆಂದು ಸಂಗ್ರಾಹಕರು ಇಂದಿಗೂ ಹೇಳುತ್ತಾರೆ. ಅದೇ ರಾಜಮನೆತನದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1924ರಲ್ಲಿ, ನಾವು ಎಂ.ಬಿ.ಬಿ.ಎಸ್. ಓದಿದ ಮೈಸೂರು ಮೆಡಿಕಲ್ ಕಾಲೇಜೂ ಆರಂಭವಾಯಿತು. ಕಾರಿನ ಹುಚ್ಚಿಗೂ ನಮ್ಮ ವೃತ್ತಿಗೂ ಒಂದೇ ಊರಿನ ಋಣ ಎಂದು ಮನೆಯಲ್ಲಿ ವಾದಿಸಿ ನೋಡಿದ್ದೇವೆ. ನಮ್ಮ ಮನೆಯವರು ಒಪ್ಪಲಿಲ್ಲ.

ಸ್ವಾತಂತ್ರ್ಯಾನಂತರ ಸಂಸ್ಥಾನಗಳು ಹೋದವು, 1971ರಲ್ಲಿ ರಾಜಧನವೂ ನಿಂತಿತು. ದೇಶದ ಎಷ್ಟೋ ಅರಮನೆಗಳ ಕಾರುಗಳು ಸಿಕ್ಕ ಬೆಲೆಗೆ ಕೈಬದಲಾದವು, ಅನೇಕವು ಸಮುದ್ರ ದಾಟಿದವು. ಉಳಿದವನ್ನು ಕಾಪಾಡಿದವರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರದು ದೊಡ್ಡ ಹೆಸರು. ಧರ್ಮಸ್ಥಳದ ಕಾರು ವಸ್ತುಸಂಗ್ರಹಾಲಯವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 2023ರಲ್ಲಿ ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಇನ್ನೊಂದು ಸಂಗ್ರಹಾಲಯವೂ ತೆರೆದಿದೆ. ಮುಂದಿನ ಸಲ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ.

ಇನ್ನು ನಾವು ನೆಲೆಸಿರುವ ಈ ಪ್ರದೇಶವೋ, ಹಳೆಯ ಕಾರಿನವರಿಗೆ ತೀರ್ಥಕ್ಷೇತ್ರವಿದ್ದಂತೆ. ಪೆಬಲ್ ಬೀಚಿನ ಕಾರು ಸ್ಪರ್ಧೆ 1950ರಲ್ಲಿ ಆರಂಭವಾಯಿತು, ಹಿಲ್ಸ್‌ಬರೋದ್ದು 1956ರಲ್ಲಿ. ಡ್ಯಾನ್‌ವಿಲ್‌ನ ಬ್ಲ್ಯಾಕ್‌ಹಾಕ್ ಮ್ಯೂಸಿಯಂ 1988ರಿಂದ ಇದೆ. ಆಗಸ್ಟ್ ತಿಂಗಳಲ್ಲಿ ಮಾಂಟೆರೆ ಕಡೆ ಹೋದರೆ ಜಾತ್ರೆಯೋ ಜಾತ್ರೆ. 2018ರಲ್ಲಿ ಅಲ್ಲಿನ ಹರಾಜಿನಲ್ಲಿ 1962ರ ಒಂದು ಫೆರಾರಿ 250 ಜಿಟಿಒ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು.

ಇಂತಹ ಸುದ್ದಿ ಓದಿಯೇ ನಮ್ಮಂಥವರು ಕೆಡುವುದು. ಆದರೆ ಇನ್ನೊಂದು ಸುದ್ದಿಯನ್ನೂ ಓದಬೇಕು. 1988ರಲ್ಲಿ ಎಂಜೋ ಫೆರಾರಿ ತೀರಿಕೊಂಡ ಮೇಲೆ ಆ ಕಾರುಗಳ ಬೆಲೆ ಆಕಾಶಕ್ಕೇರಿತು. ಇನ್ನೂ ಏರುತ್ತದೆಂದು ಸಾಲ ಮಾಡಿ ಕೊಂಡವರೂ ಇದ್ದರು. 1990ರ ಸುಮಾರಿಗೆ ಬೆಲೆ ಕುಸಿದಾಗ ಅವರ ಕೈಯಲ್ಲಿ ಕಾರು ಉಳಿಯಿತು, ಸಾಲವೂ ಉಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಫೆರಾರಿಗೂ ಅನ್ವಯಿಸುತ್ತದೆ.

ನಮ್ಮ ಮೊದಲ ಕಾರು 1985ರ ಜಾಗ್ವಾರ್. 6,500 ಡಾಲರಿಗೆ ಕೊಂಡು, 5,000 ಖರ್ಚು ಮಾಡಿ, 8,000ಕ್ಕೆ ಮಾರಿದೆವು. ಇಷ್ಟು ಲೆಕ್ಕ ಬರುವವರಿಗೆ ಮೆಡಿಕಲ್ ಕಾಲೇಜಿನಲ್ಲಿ ಸೀಟು ಹೇಗೆ ಸಿಕ್ಕಿತೆಂದು ಭಾವಮೈದ ಕೇಳಿದರು.

ಎರಡನೆಯದು 1969ರ ಮರ್ಸಿಡಿಸ್ 280 ಎಸ್‌ಎಲ್. ಇದರ ಗಟ್ಟಿ ಮಾಡು ನಡುವೆ ತಗ್ಗಾಗಿ, ಅಂಚಿನಲ್ಲಿ ಎತ್ತರವಾಗಿ ಇರುವುದರಿಂದ 'ಪಗೋಡಾ' ಎಂಬ ಅಡ್ಡಹೆಸರು. 1971ರವರೆಗೆ 23,885 ಕಾರುಗಳನ್ನಷ್ಟೇ ಮಾಡಿದರು. 2014ರಲ್ಲಿ ಒಬ್ಬ ಖಾಸಗಿ ಮಾಲೀಕರಿಂದ 72,000 ಡಾಲರಿಗೆ ಕೊಂಡೆವು. ಎಲ್ಲ ಒರಿಜಿನಲ್ ಎಂದರು. ನಾವು ತುಕ್ಕು ನೋಡಿದೆವು, ಏಕೆಂದರೆ ರೆಸಿಡೆನ್ಸಿ ಮಾಡಿದ್ದು ಮಿಷಿಗನ್ನಿನಲ್ಲಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕಾರುಗಳ ತಳವನ್ನು ತಿನ್ನುವುದನ್ನು ಕಣ್ಣಾರೆ ಕಂಡಿದ್ದೆವು. ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ನೋಡುವಂತೆ ಬಾಗಿಲು, ಮಡ್‌ಗಾರ್ಡು ಎಲ್ಲವನ್ನೂ ತಟ್ಟಿ ನೋಡಿದೆವು. ಎಂಜಿನ್ ನಂಬರನ್ನು ಮಾತ್ರ ನೋಡಲಿಲ್ಲ.

ಏಳು ವರ್ಷದಲ್ಲಿ ಎಂಜಿನ್ ಕೆಲಸ, ತಳದ ತಗಡು, ಕ್ರೋಮ್, ಸೀಟಿನ ಚರ್ಮ ಎಂದು 38,000 ಖರ್ಚಾಯಿತು. ವಿಮೆಗೆ, ಕಾರು ಇಡುವ ಜಾಗದ ಬಾಡಿಗೆಗೆ 9,000. ಒಟ್ಟು 1,19,000. ಮನೆಯವರು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಅದು ನಮ್ಮ ಮನೆಯ ಮಹಾಕಾವ್ಯ.

2021ರಲ್ಲಿ ಮಾರಲು ಹೊರಟೆವು. ಸ್ಯಾಕ್ರಮೆಂಟೋ ಕಡೆಯ ಒಬ್ಬ ನಿವೃತ್ತ ಎಂಜಿನಿಯರು ಬಂದು ನೋಡಿ, 1,25,000ಕ್ಕೆ ಒಪ್ಪಿದರು. ಕಾಗದಪತ್ರ ಪೂರ್ತಿ ಇರಲಿ ಎಂದು ಆ ಕಾರಿನ ಡೇಟಾ ಕಾರ್ಡಿನ ಪ್ರತಿಯನ್ನು ಮೊದಲೇ ಕೇಳಿ ಬರೆದಿದ್ದೆವು. ಅದು ಕಾರಿನ ಜಾತಕ. ಚಾಸಿಸ್ ನಂಬರು, ಎಂಜಿನ್ ನಂಬರು, ಬಣ್ಣ, ಎಲ್ಲ ಅದರಲ್ಲಿರುತ್ತದೆ. ಹಣ ಬರುವ ಮುನ್ನಾ ದಿನ ಅದು ಬಂತು. ಎಂಜಿನ್ ನಂಬರು ತಾಳೆಯಾಗಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ಅದೇ ಮಾದರಿಯ ಬೇರೆ ಎಂಜಿನ್ ಹಾಕಿಸಿದ್ದರು. ಓಡಿಸುವುದಕ್ಕೆ ಏನೂ ತೊಂದರೆಯಿಲ್ಲ. ಆದರೆ ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಯುತ್ತದೆ.

ಬಂಧುಗಳೇ, ಆ ರಾತ್ರಿ ನಮ್ಮ ಮನಸ್ಸಿಗೆ ಬಂದ ಯೋಚನೆಗಳನ್ನು ಮುಚ್ಚಿಡುವುದಿಲ್ಲ. ಕೊಳ್ಳುವವರು ಎಂಜಿನ್ ನಂಬರು ಕೇಳಿರಲಿಲ್ಲ. ನಮಗೆ ಮಾರಿದವರೂ ಹೇಳಿರಲಿಲ್ಲ. ಕಾರ್ಡನ್ನು ಡ್ರಾಯರಿನಲ್ಲಿ ಹಾಕಿಬಿಟ್ಟರೆ ಕೇಳುವವರಾರು? ನಿದ್ದೆ ಬರದೆ ಮೈಸೂರಿಗೆ ಫೋನ್ ಮಾಡಿ ತಂದೆಯವರಿಗೆ ವಿಷಯ ಹೇಳಿದೆವು. ಅವರು ಉಪದೇಶ ಮಾಡಲಿಲ್ಲ. "ನಮ್ಮ ಪದ್ಮಿನಿ ಮಾರಿದ್ದು ನೆನಪಿದೆಯೇನಪ್ಪಾ?" ಎಂದರು ಅಷ್ಟೆ.

ನೆನಪಿಲ್ಲದೆ ಏನು? ಇಪ್ಪತ್ತು ವರ್ಷ ಪ್ರತಿ ಭಾನುವಾರ ಸ್ವತಃ ತೊಳೆದ ಪ್ರೀಮಿಯರ್ ಪದ್ಮಿನಿಯನ್ನು ಅವರು 2005ರಲ್ಲಿ ಮಾರಿದ್ದು ನಮ್ಮ ಅಮೆರಿಕದ ಪರೀಕ್ಷೆಗಳ ಶುಲ್ಕಕ್ಕಾಗಿ. ಕೊಳ್ಳಲು ಬಂದವನು ಬಾಗಿಲು ತೆಗೆದು ಹಾಕಿ, ಹಾರ್ನ್ ಒತ್ತಿ, ಆಯ್ತು ಸಾರ್ ಎಂದ. ತಂದೆಯವರು ಅವನನ್ನು ತಡೆದು, "ಕ್ಲಚ್ ಸ್ವಲ್ಪ ಜಾರತ್ತೆ, ಆರು ತಿಂಗಳೊಳಗೆ ಬದಲಾಯಿಸ್ಬೇಕಾಗತ್ತೆ" ಎಂದರು. ಅವನು ಮೂರು ಸಾವಿರ ರೂಪಾಯಿ ಇಳಿಸಿದ. ಆಗ ಆ ಮೂರು ಸಾವಿರ ನಮಗೆ ಸಣ್ಣ ಮೊತ್ತವಾಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಮಗೆ ತಂದೆಯವರ ಮೇಲೆ ಸಿಟ್ಟೂ ಬಂದಿತ್ತು.

ಬೆಳಿಗ್ಗೆ ಸ್ಯಾಕ್ರಮೆಂಟೋಗೆ ಫೋನ್ ಮಾಡಿ ಕಾರ್ಡಿನಲ್ಲಿದ್ದುದನ್ನು ಓದಿ ಹೇಳಿದೆವು. ಅವರು ಎರಡು ದಿನ ಸಮಯ ತೆಗೆದುಕೊಂಡು 1,05,000 ಕೊಡುವುದಾಗಿ ಹೇಳಿದರು. ಕೊಟ್ಟೆವು. ನಷ್ಟ 14,000 ಡಾಲರು. ಹಿಂದಿನ ಸಾಲಿನವರಿಗೆ ಉತ್ತರ ಸಿಕ್ಕಿತೆಂದು ಭಾವಿಸುತ್ತೇವೆ. ಸ್ವಂತ ಬಳಕೆಯ ವಸ್ತುವಿನ ನಷ್ಟವಾದ್ದರಿಂದ ತೆರಿಗೆಯಲ್ಲೂ ಕಳೆಯುವಂತಿರಲಿಲ್ಲ. ಮನೆಯವರು ನೋಟ್‌ಬುಕ್ಕಿನಲ್ಲಿ ಆ ಮೊತ್ತ ಬರೆದು, ಕೆಳಗೆ ಗೆರೆ ಎಳೆದು, ಕಾಫಿ ಮಾಡಿಕೊಟ್ಟರು. ಒಂದು ಮಾತೂ ಆಡಲಿಲ್ಲ.

ಈ ಹವ್ಯಾಸಕ್ಕೆ ಇಳಿಯಬೇಕೆಂದಿರುವ ತರುಣರಿಗೆ ನಾಲ್ಕು ಕಿವಿಮಾತು. ಕಾರಿಗಿಂತ ಮೊದಲು ಕಾಗದ ನೋಡಿ, ಚಾಸಿಸ್ ಮತ್ತು ಎಂಜಿನ್ ನಂಬರುಗಳನ್ನು ತಾಳೆ ಹಾಕಿ. ನಿಮಗೆ ಸಂಬಂಧಪಡದ ಮೆಕ್ಯಾನಿಕ್ ಒಬ್ಬರಿಂದ ತಪಾಸಣೆ ಮಾಡಿಸಿ, ಮಾರುವವರ ಮೆಕ್ಯಾನಿಕ್ಕಿನಿಂದಲ್ಲ. ವಿಮೆ ಮಾಡಿಸುವಾಗ ಕಾರಿನ ಮೌಲ್ಯವನ್ನು ಮೊದಲೇ ಒಪ್ಪಿ ಬರೆಸಿಕೊಳ್ಳುವ ಪಾಲಿಸಿ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. ನಮ್ಮ ಜಾಗ್ವಾರ್ ಹತ್ತು ವರ್ಷ ತಡವಾಗಿ ಹುಟ್ಟಿ ನಮ್ಮನ್ನು ಗೋಳಾಡಿಸಿತು. ಲಾಭವೇನಾದರೂ ಬಂದರೆ ನೆನಪಿಡಿ, ಷೇರಿನ ದೀರ್ಘಾವಧಿ ಲಾಭಕ್ಕೆ ಕೇಂದ್ರ ತೆರಿಗೆಯ ಮೇಲ್ಮಿತಿ ಶೇಕಡಾ 20 ಆದರೆ ಸಂಗ್ರಹವಸ್ತುಗಳಿಗೆ 28. ಒಂದು ಕಾರು ಕೊಟ್ಟು ಇನ್ನೊಂದು ತೆಗೆದುಕೊಂಡು ತೆರಿಗೆ ಮುಂದೂಡುವ ದಾರಿಯೂ 2018ರಿಂದ ಮುಚ್ಚಿದೆ. ಲಾಭಕ್ಕೆಂದೇ ಕೊಂಡು ಮಾರುವವರಿಗೆ ಡೀಲರ್ ಪರವಾನಗಿ ಬೇಕು.

ಇಷ್ಟಾದರೂ ಬಿಟ್ಟಿಲ್ಲ. ಈಗ ಗ್ಯಾರೇಜಿನಲ್ಲಿ 1969ರದೇ ಒಂದು ನಾಲ್ಕು ಬಾಗಿಲಿನ ಮರ್ಸಿಡಿಸ್ ಇದೆ. ಈ ಸಲ ನಂಬರು ಮೊದಲು ನೋಡಿದ್ದೇವೆ. ಅದರ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟು, ಮೊದಲ ಹಾಳೆಯಲ್ಲಿ ಕಾರಿನ ದೋಷಗಳ ಪಟ್ಟಿ ಬರೆದಿದ್ದೇವೆ. ನಮಗಿಂತ ಮುಂಚೆ ಅದಕ್ಕೆ ಒಡೆಯರಿದ್ದರು, ನಮ್ಮ ನಂತರವೂ ಇರುತ್ತಾರೆ. ನಡುವಿನ ಕೆಲವು ವರ್ಷದ ಪಾರುಪತ್ಯ ಮಾತ್ರ ನಮ್ಮದು.

ಹೋದ ಚಳಿಗಾಲದಲ್ಲಿ ತಂದೆಯವರು ಬಂದಿದ್ದರು. ಆ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಪೆನ್ನು ಕೇಳಿ, ಕೊನೆಯಲ್ಲಿ ಒಂದು ಸಾಲು ಸೇರಿಸಿದರು: "ಎಡಗಡೆ ಹಿಂದಿನ ಬಾಗಿಲು ಸ್ವಲ್ಪ ಕಿರುಗುಟ್ಟುತ್ತದೆ."

ಹೊರಗೆ ಪಾರ್ಕಿಂಗಿನಲ್ಲಿ ಕಾರು ನಿಂತಿದೆ. ಊಟವಾದ ಮೇಲೆ ಮಕ್ಕಳು ಬಂದು ಕೂತು ನೋಡಬಹುದು, ಹೋಳಿಗೆಯ ತುಪ್ಪದ ಕೈ ತೊಳೆದುಕೊಂಡು ಬಂದರೆ ಸಾಕು.