ಅಮೇರಿಕೆಯ ನಿರುದ್ಯೋಗಿಯೂ ಅವನ ಹಾಟ್ ರಾಡ್ ಗಾಡಿಯೂ



ಮನುಷ್ಯನಿಗೆ ನೌಕರಿ ತಪ್ಪಿದಾಗ ಸಂಬಳವೊಂದೇ ಹೋಗುವದೆಂದು ಲೋಕವು ತಿಳಿಯುತ್ತದೆ. ಆದರೆ ಸಂಬಳದ ಬೆನ್ನ ಹಿಂದೆ ಬೇರೆ ಕೆಲವು ಸಂಪತ್ತುಗಳೂ ಮನೆಯಿಂದ ಹೊರಟುಹೋಗುವವು. ಅವು ಜಮಾಖರ್ಚಿನ ಪುಸ್ತಕದಲ್ಲಿ ಕಾಣತಕ್ಕವುಗಳಲ್ಲವಾದ ಕಾರಣ ಅವುಗಳ ಹಾನಿಯು ತಡವಾಗಿ ತಿಳಿಯುವದು. ಆಸ್ಟ್ರಿಯಾ ದೇಶದಲ್ಲಿ ವಿಯೆನ್ನಾ ಪಟ್ಟಣದ ಸಮೀಪ ಮಾರಿಯೆಂಥಾಲ್ ಎಂಬ ಗ್ರಾಮವುಂಟು. ಇಡೀ ಊರಿಗೆ ಅನ್ನವಿಕ್ಕುತ್ತಿದ್ದ ಅಲ್ಲಿಯ ಗಿರಣಿಯು 1930ರ ಸುಮಾರಿಗೆ ಮುಚ್ಚಿತು. ಮಾರೀ ಯಹೋದಾ, ಪೌಲ್ ಲಾಜಾರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಎಂಬ ಮೂವರು ವಿದ್ವಾಂಸರು ಆ ಜನರ ಸ್ಥಿತಿಯನ್ನು ಪ್ರತ್ಯಕ್ಷ ನೋಡಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ದಿನವೆಲ್ಲ ಬಿಡುವಿದ್ದರೂ ಅಲ್ಲಿಯ ಪುಸ್ತಕಾಲಯದಿಂದ ಪುಸ್ತಕಗಳನ್ನು ಒಯ್ಯುವದು ಹೆಚ್ಚಲಿಲ್ಲ, ಕಡಿಮೆಯಾಯಿತು. ಬೀದಿಯಲ್ಲಿ ಹೋಗುವ ಗಂಡಸರ ಹೆಜ್ಜೆಗಳು ನಿಧಾನವಾದವು. ಅವರು ಮತ್ತೆ ಮತ್ತೆ ನಿಂತು ನಿಂತು ಮುಂದುವರಿಯುತ್ತಿದ್ದರು. ದಿನವನ್ನು ಹೇಗೆ ಕಳೆದಿರೆಂದು ಕೇಳಿದರೆ ಹೇಳುವದಕ್ಕೆ ಅವರಲ್ಲಿ ಹೆಚ್ಚೇನೂ ಇರಲಿಲ್ಲ. ಹೆಂಗಸರಿಗೆ ಮಾತ್ರ ಒಲೆಯೂ ಮಕ್ಕಳೂ ತಪ್ಪಲಿಲ್ಲವಾದ ಕಾರಣ ಅವರ ನಡಿಗೆಯು ಹಾಗೆ ಕುಂದಲಿಲ್ಲ.

ಉದ್ಯೋಗವು ಸಂಬಳವಲ್ಲದೆ ಮನುಷ್ಯನಿಗೆ ಇನ್ನೂ ಐದು ವಸ್ತುಗಳನ್ನು ಕೊಡುವದೆಂದು ಯಹೋದಾ ಬಾಯಿಯವರು ಮುಂದೆ ವಿವರಿಸಿದರು. ದಿನಕ್ಕೊಂದು ಕಟ್ಟು, ಮನೆಯ ಹೊರಗಿನ ಜನಸಂಪರ್ಕ, ಹಲವರೊಡನೆ ಕೂಡಿ ಸಾಧಿಸುವ ಉದ್ದೇಶ, ಸಮಾಜದಲ್ಲಿ ಸ್ಥಾನ, ನಿಯಮಿತವಾದ ಚಟುವಟಿಕೆ; ಇವೇ ಆ ಐದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೇರಿಕೆಯ ಒಂದು ವಿಚಿತ್ರವಾದ ಗೃಹೋದ್ಯೋಗವನ್ನು ನೋಡತಕ್ಕದ್ದು. ನೌಕರಿ ಕಳೆದುಕೊಂಡ ಗೃಹಸ್ಥನು ಹತ್ತಾರು ವರ್ಷಗಳ ಹಿಂದಿನ, ತುಕ್ಕು ಹಿಡಿದ ಫೋರ್ಡ್ ಮೋಟಾರಿನ ಅವಶೇಷಗಳನ್ನು ಮನೆಯ ಗ್ಯಾರೇಜಿನಲ್ಲಿ ಹರವಿಕೊಂಡು, ಬೆಳಗಿನಿಂದ ಸಂಜೆಯವರೆಗೆ ಉಜ್ಜುತ್ತ, ಕೊಯ್ಯುತ್ತ, ಬೆಸೆಯುತ್ತ ಕುಳಿತಿರುವದು ಆ ದೇಶದಲ್ಲಿ ಅಪರೂಪವಲ್ಲ. ಇಂಥ ಗಾಡಿಗೆ ಅಲ್ಲಿಯವರು ಹಾಟ್ ರಾಡ್ ಎನ್ನುತ್ತಾರೆ. ಮನೆಯಲ್ಲಿ ವರಮಾನವಿಲ್ಲದಾಗ ಇದು ವಿವೇಕವೋ ಹುಚ್ಚೋ ಎಂಬುದೇ ಇಲ್ಲಿಯ ಪ್ರಶ್ನೆಯು.

ಈ ವಿದ್ಯೆಯು ಬಡತನದ ಕಾಲದಲ್ಲಿಯೇ ಬೆಳೆದುದೆಂಬುದನ್ನು ಮೊದಲು ತಿಳಿಯಬೇಕು. ಫೋರ್ಡ್ ಕಂಪನಿಯು 1908ರಿಂದ 1927ರ ವರೆಗೆ ಟಿ ಎಂಬ ಮಾದರಿಯ ಒಂದೂವರೆ ಕೋಟಿ ಗಾಡಿಗಳನ್ನು ಮಾಡಿತು. ಅದರ ತರುವಾಯ ಎ ಎಂಬ ಮಾದರಿಯು ಬಂದಿತು. ಹೀಗಾಗಿ ಗುಜರಿ ಅಂಗಡಿಗಳಲ್ಲಿ ಹಳೆಯ ಗಾಡಿಗಳಿಗೆ ಕೊರತೆಯಿರಲಿಲ್ಲ. 1932ರಲ್ಲಿ ಅದೇ ಕಂಪನಿಯು ಎಂಟು ಸಿಲಿಂಡರುಗಳನ್ನು ಒಂದೇ ಎರಕದಲ್ಲಿ ಹೊಯ್ದು, 65 ಅಶ್ವಶಕ್ತಿಯ ಯಂತ್ರವನ್ನು ಸಾಮಾನ್ಯರ ಕೈಗೆ ನಿಲುಕುವ ಬೆಲೆಗೆ ಕೊಟ್ಟಿತು. ಮರುವರ್ಷ, ಅಂದರೆ 1933ರಲ್ಲಿ, ಆ ದೇಶದ ದುಡಿಯುವವರಲ್ಲಿ ನಾಲ್ವರಿಗೊಬ್ಬನಂತೆ ಕೆಲಸವಿಲ್ಲದೆ ಇದ್ದರು. ಹೊಸ ಗಾಡಿಯನ್ನು ಕೊಳ್ಳಲಾರದ ಕ್ಯಾಲಿಫೋರ್ನಿಯಾದ ತರುಣರು ಹಳೆಯದನ್ನೇ ತಂದು, ಮಡ್‌ಗಾರ್ಡುಗಳನ್ನು ಕಳಚಿ ಭಾರವನ್ನಿಳಿಸಿ, ಯಂತ್ರವನ್ನು ತಿದ್ದಿ, ಮುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಯಂಗಳಗಳಲ್ಲಿ ವೇಗವನ್ನು ಪರೀಕ್ಷಿಸುತ್ತಿದ್ದರು. 1937ರಲ್ಲಿ ಅವರ ಸಂಘಗಳೆಲ್ಲ ಸೇರಿ ದಕ್ಷಿಣ ಕ್ಯಾಲಿಫೋರ್ನಿಯಾದ ಮಹಾಸಂಘವೊಂದನ್ನು ಸ್ಥಾಪಿಸಿದವು. ವಿಕ್ ಎಡೆಲ್‌ಬ್ರಾಕ್ ಎಂಬವರು ಕಾನ್ಸಾಸ್ ಸಂಸ್ಥಾನದವರು. ಚಿಕ್ಕಂದಿನಲ್ಲಿಯೇ ಶಾಲೆಯನ್ನು ಬಿಟ್ಟು ಮೋಟಾರು ದುರಸ್ತಿಗೆ ನಿಂತು, 1931ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದರು. ತಮ್ಮ 1932ರ ಫೋರ್ಡ್ ಗಾಡಿಗೆಂದು ಅವರು ಮಾಡಿಕೊಂಡ ಯಂತ್ರಭಾಗವನ್ನು ಉಳಿದವರೂ ಬೇಡತೊಡಗಲು, ಅದೇ ಅವರಿಗೆ ದೊಡ್ಡ ಉದ್ಯಮವಾಯಿತು.

ಆದರೆ ಈ ಉದಾಹರಣೆಯನ್ನು ಹಿಡಿದುಕೊಂಡು ಪ್ರತಿಯೊಬ್ಬನಿಗೂ ಹಾಗೆಯೇ ಭಾಗ್ಯ ಒದಗುವದೆಂದು ಹೇಳುವದು ವಂಚನೆಯಾದೀತು. ಸಾವಿರಾರು ಜನರಲ್ಲಿ ಎಡೆಲ್‌ಬ್ರಾಕ್ ಆದವರು ಕೆಲವರೇ. ಉಳಿದವರಿಗೆ ಈ ಕೆಲಸದಿಂದ ಏನು ಲಭಿಸುವದೆಂಬುದನ್ನೇ ನೋಡಬೇಕು.

ಸಾಂಪ್ರದಾಯಿಕ ಹಾಟ್ ರಾಡ್ ಎಂದರೆ ಬಹುಮಟ್ಟಿಗೆ ಹಿಂದಿನ ಆ ಕಾಲದ ಭಾಗಗಳಿಂದಲೂ ಅಂದಿನ ರೀತಿಯಿಂದಲೂ ಕಟ್ಟತಕ್ಕ ಗಾಡಿಯು. ಎಲ್ಲಕ್ಕೂ ಮೊದಲು ಚಾಸಿಸನ್ನು ಸಮನೆಲದ ಮೇಲೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಅಳತೆ ಹಿಡಿದು ಸೊಟ್ಟವನ್ನು ನೋಡಬೇಕು. ಮುಂದಿನ ಅಚ್ಚನ್ನು ಬಾಗಿಸಿದ ಅಚ್ಚಿನಿಂದ ಬದಲಿಸಿದರೆ ಮೂತಿಯು ತಗ್ಗುವದು. 1932ರ ಗಾಡಿಯ ಬ್ರೇಕುಗಳು ಸರಳುಗಳಿಂದ ಎಳೆಯಲ್ಪಡುವವು; ಹೆಚ್ಚಿದ ವೇಗಕ್ಕೆ ಅವು ಸಾಲವಾದುದರಿಂದ, ಫೋರ್ಡ್ ಕಂಪನಿಯು 1939ರಲ್ಲಿ ಮೊದಲು ತಂದ ದ್ರವದೊತ್ತಡದ ಬ್ರೇಕುಗಳನ್ನು ಜೋಡಿಸುವದು ವಾಡಿಕೆ. ಯಂತ್ರದ ವಿಷಯದಲ್ಲಿ ತಾಳ್ಮೆಯು ಹೆಚ್ಚು ಬೇಕು. ಈ ಎಂಟು ಸಿಲಿಂಡರಿನ ಯಂತ್ರದಲ್ಲಿ ಸುಟ್ಟ ಹೊಗೆಯು ಹೊರಬೀಳುವ ಮೊದಲು ಎರಕದೊಳಗಿನ ಹಾದಿಯನ್ನೇ ಹಿಡಿದು ಹೋಗುವದು. ಆದುದರಿಂದ ಅದು ಬೇಗನೆ ಕಾಯುವದು, ಹಲವು ಸಲ ಬಿರುಕು ಬಿಡುವದು. ಬಿರುಕು ಕಣ್ಣಿಗೆ ಕಾಣದು. ಎರಕವನ್ನು ಅಯಸ್ಕಾಂತಗೊಳಿಸಿ ಅದರ ಮೇಲೆ ಕಬ್ಬಿಣದ ಪುಡಿಯನ್ನು ಉದುರಿಸಿದರೆ, ಬಿರುಕಿದ್ದಲ್ಲಿ ಪುಡಿಯು ಗೆರೆಯಾಗಿ ನಿಲ್ಲುವದು. ಈ ಪರೀಕ್ಷೆಯಿಲ್ಲದೆ ಯಂತ್ರವನ್ನು ಕೊಂಡವನು ಎಷ್ಟೋ ವೇಳೆ ಕೊಟ್ಟ ಹಣವನ್ನೆಲ್ಲ ಕಳೆದುಕೊಳ್ಳುವನು.

ಈಗ ಆ ಐದು ವಸ್ತುಗಳನ್ನು ಎಣಿಸೋಣ. ಇಂದು ಚಾಸಿಸು ಒಣಗಬೇಕು, ನಾಳೆ ಅಚ್ಚು ಕೂಡಿಸಬೇಕು ಎಂಬ ಕ್ರಮವುಂಟಾದುದರಿಂದ ದಿನಕ್ಕೆ ಕಟ್ಟು ಬಂದಿತು. ಕೈಗಳಿಗೆ ಚಟುವಟಿಕೆ ದೊರೆಯಿತು. ಬೆಸುಗೆ ಬಲ್ಲವನೊಬ್ಬ, ಗಾದಿ ಹೊಲಿಯಬಲ್ಲವನೊಬ್ಬ, ಇವರೊಡನೆ ಕೆಲಸಕ್ಕೆ ಕೆಲಸವನ್ನು ವಿನಿಮಯ ಮಾಡುವಲ್ಲಿ ಜನಸಂಪರ್ಕವೂ, ಒಂದು ಗಾಡಿಯನ್ನು ನಾಲ್ವರು ಕೂಡಿ ಎಬ್ಬಿಸುವ ಉದ್ದೇಶವೂ ಲಭಿಸಿದವು. ಸ್ಥಾನವೆಂಬುದು ಮಾತ್ರ ಅರ್ಧವೇ ಸಿಕ್ಕಿತು; ಬಲ್ಲವರು ಅವನನ್ನು ಕುಶಲನೆಂದು ಮನ್ನಿಸುವರು, ಬ್ಯಾಂಕಿನವನು ಅವನನ್ನು ನಿರುದ್ಯೋಗಿಯೆಂದೇ ಬರೆದುಕೊಳ್ಳುವನು. ಸಂಬಳವಂತೂ ಸಿಗಲೇ ಇಲ್ಲ. ಆದುದರಿಂದ ಈ ಕೈಗೆಲಸವು ಮನುಷ್ಯನನ್ನು ಕಾಯಬಲ್ಲುದು, ಮನೆಯನ್ನು ಕಾಯಲಾರದು. ಇವೆರಡರ ಭೇದವನ್ನು ಮರೆತಲ್ಲಿಯೇ ಅನರ್ಥವು ಹುಟ್ಟುವದು.

ಡಿಸೆಂಬರ 2007ರಿಂದ 2010ರ ಆರಂಭದ ವರೆಗೆ ಆ ದೇಶದಲ್ಲಿ ಸುಮಾರು 87 ಲಕ್ಷ ನೌಕರಿಗಳು ಹೋದವು. ಅಕ್ಟೋಬರ 2009ರಲ್ಲಿ ಕೆಲಸವಿಲ್ಲದವರು ನೂರಕ್ಕೆ ಹತ್ತು ಮಂದಿಯಾಗಿದ್ದರು; ಏಪ್ರಿಲ್ 2020ರಲ್ಲಿ ಮಹಾಮಾರಿಯ ದೆಸೆಯಿಂದ ನೂರಕ್ಕೆ 14ಕ್ಕೂ ಮೇಲಾದರು. 1935ರ ಕಾಯಿದೆಯಿಂದ ಆರಂಭವಾದ ನಿರುದ್ಯೋಗ ವಿಮೆಯು ಅನೇಕ ಸಂಸ್ಥಾನಗಳಲ್ಲಿ ಸಾಮಾನ್ಯ ಕಾಲದಲ್ಲಿ 26 ವಾರಗಳಷ್ಟೇ ನಡೆಯುವದು. ಅಲ್ಲಿ ಬಹುಮಂದಿಗೆ ವೈದ್ಯವಿಮೆಯೂ ನೌಕರಿಯೊಡನೆಯೇ ಕಟ್ಟಲ್ಪಟ್ಟಿರುತ್ತದೆ. ನೌಕರಿ ಹೋದರೆ ಅದೂ ಸಡಲುವದು. ಇಂಥ ಮನೆಯಲ್ಲಿ ಗೃಹಿಣಿಯು ಗ್ಯಾರೇಜಿನ ಬಾಗಿಲಲ್ಲಿ ನಿಂತು “ಇದಕ್ಕೆ ಹಣವೆಲ್ಲಿಯದು?” ಎಂದು ಕೇಳಿದರೆ ಅದು ಕಿರುಕುಳವಲ್ಲ, ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಿಲ್ಲದವನು ಪಾನಾವನ್ನು ಕೆಳಗಿಡತಕ್ಕದ್ದು.

ಉತ್ತರವೂ ಇಲ್ಲದಿಲ್ಲ. ವಿವೇಕಿಯು ನೌಕರಿ ಹೋದಂದಿನಿಂದ ಮನೆಯ ಹಣವನ್ನೂ ಗಾಡಿಯ ಹಣವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿಡುವನು. ಒಂದು ಭಾಗವನ್ನು ಮಾರದೆ ಇನ್ನೊಂದನ್ನು ಕೊಳ್ಳನು. ಹಣ ಬೇಡದ ಕೆಲಸಗಳನ್ನು, ಅಂದರೆ ಬಿಚ್ಚುವದು, ತೊಳೆಯುವದು, ತುಕ್ಕು ತೆಗೆಯುವದು, ಅಳೆಯುವದು, ಇವುಗಳನ್ನು ಮೊದಲು ಮುಗಿಸುವನು. ಅರ್ಧಕ್ಕೆ ನಿಂತ ಗಾಡಿಗೆ, ಅದರಲ್ಲಿ ಹಾಕಿದ ಹಣದಷ್ಟು ಬೆಲೆ ಸಾಮಾನ್ಯವಾಗಿ ಬಾರದೆಂಬುದನ್ನು ತಿಳಿದು, ಸಾಲ ಮಾಡಿ ಕಟ್ಟಲು ಹೋಗನು. ಪ್ರತಿದಿನದ ಮೊದಲ ಹೊತ್ತನ್ನು ನೌಕರಿ ಹುಡುಕುವದಕ್ಕೆ ಕೊಟ್ಟು, ಉಳಿದುದನ್ನು ಕಬ್ಬಿಣಕ್ಕೆ ಕೊಡುವನು. ಏಕೆಂದರೆ ಗ್ಯಾರೇಜು ದುಡಿಮೆಯ ಸ್ಥಳವಾಗುವಂತೆ ತಲೆಮರೆಸಿಕೊಳ್ಳುವ ಸ್ಥಳವೂ ಆಗಬಲ್ಲುದು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತರವಾಗಿ ತೋರುವವು.

ಇದಲ್ಲದೆ ಪ್ರಾಣದ ವಿಚಾರವುಂಟು. ಸತುವಿನ ಲೇಪವಿದ್ದ ತಗಡನ್ನು ಬೆಸೆದರೆ ಏಳುವ ಹೊಗೆಯು ಜ್ವರವನ್ನು ತರುವದು. ಹಳೆಯ ಬಣ್ಣದಲ್ಲಿಯೂ, ತಗ್ಗುಗಳನ್ನು ತುಂಬುವ ಹಿಂದಿನ ಪದ್ಧತಿಯಲ್ಲಿಯೂ ಸೀಸವಿರುತ್ತದೆ. ಅದನ್ನು ಉಜ್ಜಿದ ಧೂಳಿಯು ಅಪ್ಪನ ಬಟ್ಟೆಗಂಟಿ ಒಳಮನೆಗೆ ಬಂದರೆ ಕೂಸುಗಳ ಬುದ್ಧಿಬೆಳವಣಿಗೆಗೇ ಕೇಡು. ಆದುದರಿಂದ ಬಟ್ಟೆಯನ್ನು ಬದಲಿಸಿ ಕೈ ತೊಳೆದುಕೊಳ್ಳದೆ ಮಕ್ಕಳನ್ನು ಎತ್ತಿಕೊಳ್ಳಲಾಗದು. ಚುಕ್ಕಾಣಿಯ ಮತ್ತು ಬ್ರೇಕಿನ ಬೆಸುಗೆಗಳನ್ನು ಕಲಿಯುವ ಕೈಯಿಂದ ಮಾಡಲಾಗದು. ಹಣವಿಲ್ಲದಿದ್ದರೆ ಬಲ್ಲವನು ಸಿಗುವ ವರೆಗೆ ಗಾಡಿಯು ನಿಂತಿರಲಿ. ರಸ್ತೆಯ ಮೇಲಿನ ಪಂದ್ಯಗಳಿಂದ ಅನಾಹುತಗಳಾಗುತ್ತಿದ್ದುದನ್ನು ಕಂಡು, ವಾಲಿ ಪಾರ್ಕ್ಸ್ ಎಂಬವರ ನೇತೃತ್ವದಲ್ಲಿ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವು ಹುಟ್ಟಿ, ಆ ಆಟವನ್ನು ನಿಯಮದ ಮೈದಾನಕ್ಕೆ ತಂದಿತು. ವೇಗಪ್ರಿಯರೇ ವೇಗಕ್ಕೆ ಕಟ್ಟಳೆಯನ್ನು ಹಾಕಿಕೊಂಡುದು ಮೆಚ್ಚತಕ್ಕ ಸಂಗತಿಯು.

ಕೊನೆಗೆ ಒಂದು ಮಾತನ್ನು ಗಮನಿಸತಕ್ಕದ್ದು. ನೌಕರಿಯನ್ನು ಕೊಡುವವನು ಇನ್ನೊಬ್ಬನು, ಆದುದರಿಂದ ಅದನ್ನು ಕಸಿದುಕೊಳ್ಳುವ ಅಧಿಕಾರವೂ ಅವನ ಕಡೆಗೇ ಉಂಟು. ಕಬ್ಬಿಣವನ್ನು ಅಳೆದು ತಿದ್ದುವ ಬಲ್ಮೆಯಾದರೋ ಕೈಯಲ್ಲಿ ಕೂಡಿದುದು. ಅದನ್ನು ಯಾವ ಕಂಪನಿಯೂ ಹಿಂದಕ್ಕೆ ಕೇಳಲಾರದು. ಹಾಗೆಂದು ಬಲ್ಮೆಯೇ ಅನ್ನವೆಂದು ಬೀಗಲೂ ಕೂಡದು; ಅಕ್ಕಿಯ ಅಂಗಡಿಯವನು ಅದನ್ನು ಹಣದ ಬದಲು ತೆಗೆದುಕೊಳ್ಳನು. ಮನೆಯವರಿಗೆ ಮೊದಲು ಉಣಿಸಿ, ನೌಕರಿಯನ್ನು ಹುಡುಕುವದನ್ನು ಬಿಡದೆ, ಉಳಿದ ಹೊತ್ತಿನಲ್ಲಿ ಗಾಡಿಯನ್ನು ಕಟ್ಟಿದವನು ಮುಂದೆ ನೌಕರಿಯ ಕರೆ ಬಂದಾಗ ನೇರವಾದ ಬೆನ್ನಿನಿಂದ ಹೋಗುವನು. ಗಾಡಿಯು ಅಷ್ಟರಲ್ಲಿ ಮುಗಿಯದಿದ್ದರೂ ಚಿಂತೆಯಿಲ್ಲ. ಅದು ಕಾಯುವದು; ಮಕ್ಕಳ ಹಸಿವೆಯು ಮಾತ್ರ ಕಾಯಲಾರದು.