ಕೆಂಡಾಮಂಡಲ: ಸ್ವಂತ ವಾಕ್ಯದಲ್ಲಿ ಬಳಸಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಗೆ 50 ವರ್ಷ ತುಂಬಿದ ಸಂಭ್ರಮದಲ್ಲಿ ಎಲ್ಲರೂ ಸಂತೋಷದ ಮಾತಾಡಿದರು. ನಾನು ಸಿಟ್ಟಿನ ಬಗ್ಗೆ ಮಾತಾಡುತ್ತೇನೆ. ಗಾಬರಿಯಾಗಬೇಡಿ, ಯಾರ ಮೇಲೂ ಅಲ್ಲ. ಒಂದು ಪದದ ಬಗ್ಗೆ. ಆ ಪದ 'ಕೆಂಡಾಮಂಡಲ'.

ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಐದು ಪದ ಬರೆದು, 'ಸ್ವಂತ ವಾಕ್ಯದಲ್ಲಿ ಬಳಸಿ' ಎಂದರು. ಅದರಲ್ಲಿ ಇದೂ ಒಂದು. ಮರುದಿನ ಪುಸ್ತಕ ನೋಡಿದರೆ, ಒಬ್ಬ 'ದೂರ್ವಾಸರು ಕೆಂಡಾಮಂಡಲರಾದರು' ಎಂದು ಬರೆದಿದ್ದ. ಇನ್ನೊಬ್ಬ 'ಮುದ್ದೆ ಗಂಟಾಗಿದ್ದಕ್ಕೆ ನಮ್ಮಪ್ಪ ಕೆಂಡಾಮಂಡಲವಾದರು' ಎಂದು ಬರೆದಿದ್ದ. ತರಗತಿಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ನಕ್ಕು, 'ಎಲ್ಲಾ ಸರಿ ಕಣ್ರೋ, ಆದರೆ ಒಬ್ಬನಾದರೂ ನಾನು ಅಂತ ಶುರು ಮಾಡಿಲ್ಲವಲ್ಲ? ಯಾರಿಗೂ ಸಿಟ್ಟೇ ಬರಲ್ವಾ? ಅದೊಂದು ವಾಕ್ಯ ಬರ್ಕೊಂಡು ಬನ್ನಿ' ಎಂದರು. ನಾನು ಬರೆಯಲಿಲ್ಲ. ಆಮೇಲೆ ಪರೀಕ್ಷೆ ಬಂತು, ಎಲ್ಲರೂ ಮರೆತೆವು.

ಅಂದು ಅವರು ಹೇಳಿಕೊಟ್ಟ ಪಾಠ ಇಷ್ಟು. ಕೆಂಪು, ಕೆಂಗಣ್ಣು, ಕೆಮ್ಮಣ್ಣು, ಕೆಂದಾವರೆ ಇವೆಲ್ಲ ಇರುವ ಮನೆಯ ಮಗುವೇ 'ಕೆಂಡ'. ಅದು ಅಚ್ಚಗನ್ನಡ. 'ಮಂಡಲ' ಸಂಸ್ಕೃತದ್ದು, ಅಂದರೆ ವೃತ್ತ, ಪ್ರದೇಶ. ಸೂರ್ಯಮಂಡಲ, ಭೂಮಂಡಲ ಇದ್ದ ಹಾಗೆ. 1987ರ ಚುನಾವಣೆಯ ನಂತರ ಕೆಲವು ವರ್ಷ ನಮ್ಮಲ್ಲಿ ಮಂಡಲ ಪಂಚಾಯಿತಿ ಇತ್ತಲ್ಲ, ಅದೇ ಮಂಡಲ. ಕನ್ನಡಕ್ಕೆ ಸಂಸ್ಕೃತ ಸೇರಿಸಿ ಕಟ್ಟಿದ ಇಂಥ ಸಮಾಸಕ್ಕೆ ಅರಿಸಮಾಸ ಎಂದು ಹೆಸರು. ಅರಿ ಎಂದರೆ ಶತ್ರು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಬಿರುದುಗಳಲ್ಲಿ, ಹಿಂದಿನ ಕವಿಗಳ ಬಳಕೆಯಲ್ಲಿ ಬಿಟ್ಟರೆ ಇಂಥ ಜೋಡಣೆಯನ್ನು ಒಪ್ಪುವುದಿಲ್ಲ. ಜನ ಕೇಶಿರಾಜನನ್ನು ಕೇಳಲಿಲ್ಲ. ಸಿಟ್ಟಿಗೆ ಶತ್ರುಸಮಾಸವೇ ತಕ್ಕದ್ದು ಅಂದುಕೊಂಡರೇನೋ!

ಕೆಂಡ ಎಂದರೆ ನಮ್ಮ ಮನೆಗಳಲ್ಲಿ ಕೆಟ್ಟದ್ದಲ್ಲ. ನಮ್ಮವ್ವ ರಾತ್ರಿ ಅಡುಗೆ ಮುಗಿಸಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದಳು. ಬೆಳಿಗ್ಗೆ ಬೂದಿ ಕೆದಕಿ, ಒಂದು ಹಿಡಿ ತೆಂಗಿನ ನಾರಿಟ್ಟು ಊದಿದರೆ ಒಲೆ ಹತ್ತುತ್ತಿತ್ತು. ಬೆಂಕಿಕಡ್ಡಿ ಉಳಿಯುತ್ತಿತ್ತು. ಒಲೆಯಲ್ಲಿರುವ ಕೆಂಡದಿಂದ ಮುದ್ದೆ ಬೇಯುತ್ತದೆ. ಅದೇ ಕೆಂಡ ಮಂಡಲವಾಗಿ ಹರಡಿದರೆ ಹುಲ್ಲಿನ ಮೆದೆ ಸುಡುತ್ತದೆ. ಪದದ ಅರ್ಥ ಇಷ್ಟೇ.

ಮುಂದೆ ನಾನೂ ಕನ್ನಡ ಮೇಷ್ಟ್ರಾದೆ. ಪಾಠ ಮಾಡುತ್ತಾ ಗಮನಿಸಿದ ಒಂದು ಸಂಗತಿ ಇದೆ. ಸಿಟ್ಟಿಗೆ ನಮ್ಮಲ್ಲಿ ಬೇಕಾದಷ್ಟು ಪದಗಳಿವೆ: ಕೋಪ, ಮುನಿಸು, ರೋಷ, ರೊಚ್ಚು, ಆಕ್ರೋಶ. ಕನ್ನಡದಲ್ಲಿ 'ಮುನಿ' ಎಂದರೆ ಸಿಟ್ಟಾಗು, ಸಂಸ್ಕೃತದಲ್ಲಿ ಋಷಿ. ದೂರ್ವಾಸರು ಎರಡೂ ಭಾಷೆಯಲ್ಲಿ ಮುನಿಯೇ! ಆದರೆ ಯಾವ ಪದ ಯಾರಿಗೆ ಎಂಬ ಲೆಕ್ಕವೂ ಇದೆ. ಪೇಪರು ನೋಡಿ. ಸಚಿವರು, ಶಾಸಕರು 'ಕೆಂಡಾಮಂಡಲ' ಆಗುತ್ತಾರೆ, ಇಲ್ಲವೆ 'ಗರಂ' ಆಗುತ್ತಾರೆ. ಗ್ರಾಮಸ್ಥರು 'ರೊಚ್ಚಿಗೇಳುತ್ತಾರೆ'. ಮಗು 'ಹಟ' ಮಾಡುತ್ತದೆ. ಹೆಂಗಸಿಗೆ ಸಿಟ್ಟು ಬಂದರೆ 'ಸಿಡುಕಿ' ಎನ್ನುತ್ತೇವೆ. ರನ್ನನ ಗದಾಯುದ್ಧದಲ್ಲಿ ಭೀಮನ ಮೂದಲಿಕೆ ಕೇಳಿ ದುರ್ಯೋಧನ ಸರೋವರದ ನೀರಿನೊಳಗಿದ್ದೂ ಬೆವರುತ್ತಾನೆ. ಅರಸನ ಸಿಟ್ಟು ಕಾವ್ಯವಾಯಿತು. ಬಡವನ ಸಿಟ್ಟಿಗೆ ಸಿಕ್ಕಿದ್ದು ಒಂದು ಗಾದೆ: ಬಡವನ ಕೋಪ ದವಡೆಗೆ ಮೂಲ.

ಇನ್ನೊಂದು ಲೆಕ್ಕ ವ್ಯಾಕರಣದ್ದು. ಬೇರೆಯವರ ವಿಷಯಕ್ಕೆ 'ಅವನು ಸಿಟ್ಟು ಮಾಡಿಕೊಂಡ' ಎನ್ನುತ್ತೇವೆ. ಮಾಡಿದವನು ಅವನು. ನಮ್ಮ ವಿಷಯಕ್ಕೆ 'ನನಗೆ ಸಿಟ್ಟು ಬಂತು' ಎನ್ನುತ್ತೇವೆ. ನೆಂಟರು ಬಂದ ಹಾಗೆ, ಮಳೆ ಬಂದ ಹಾಗೆ ಅದು ತಾನೇ ಬಂತು, ನಾನೇನು ಮಾಡಲಿ? 'ಕೆಂಡಾಮಂಡಲ'ವನ್ನಂತೂ ನಮಗೆ ನಾವು ಹಚ್ಚಿಕೊಳ್ಳುವುದೇ ಇಲ್ಲ. ಅದು ಯಾವಾಗಲೂ ಇನ್ನೊಬ್ಬರ ಪದ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕಲಿಸಿದವರು ಒಬ್ಬ ತಾಯಿ.

ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಬೇರೆ ಜಿಲ್ಲೆಯ ಒಂದು ಊರು, ಹೆಸರು ಬೇಡ. ಎಂಟನೇ ತರಗತಿಯ ಒಬ್ಬ ಹುಡುಗ ಪಾಠದ ಹೊತ್ತಿನಲ್ಲಿ ತೂಕಡಿಸುತ್ತಿದ್ದ. ಹೋಂವರ್ಕ್ ಮಾಡಿರಲಿಲ್ಲ. ಎಬ್ಬಿಸಿ 'ಯಾಕೋ?' ಎಂದೆ. ಸುಮ್ಮನೆ ನಿಂತು ಸ್ವಲ್ಪ ನಕ್ಕ. ಹೆದರಿದ ಮಕ್ಕಳು ಹಾಗೆ ನಗುತ್ತಾರೆ ಎಂದು ಆಗ ನನಗೆ ಗೊತ್ತಿರಲಿಲ್ಲ. ನನ್ನನ್ನೇ ಆಡಿಕೊಂಡ ಅನ್ನಿಸಿತು. ಕೈಯಲ್ಲಿ ಬೆತ್ತವಿತ್ತು. ಎಷ್ಟು ಹೊಡೆದೆ ಎಂದು ನನಗೆ ನೆನಪಿಲ್ಲ. ಅವನಿಗೆ ಇರುತ್ತದೆ.

ಮೂರು ದಿನ ಹುಡುಗ ಬರಲಿಲ್ಲ. ನಾಲ್ಕನೇ ದಿನ ಅವನ ತಾಯಿ ಬಂದು ಬಾಗಿಲ ಹೊರಗೆ ನಿಂತರು. ಒಳಗೆ ಕರೆದರೂ ಬರಲಿಲ್ಲ. ರಾತ್ರಿ ಕರೆಂಟು ಬಂದಾಗ ಮಗ ಬೇರೆಯವರ ತೋಟಕ್ಕೆ ನೀರು ಹಾಯಿಸಲು ಹೋಗುತ್ತಾನೆ, ಅದಕ್ಕೇ ನಿದ್ದೆ ಎಂದರು. ನಾನು, 'ಏನು ಮಾಡೋದಮ್ಮ, ಸಿಟ್ಟು ಬಂದುಬಿಡ್ತು' ಎಂದೆ. ಅವರು ದನಿ ಏರಿಸಲಿಲ್ಲ. 'ಸಿಟ್ಟು ಬಂದಿದ್ದು ನಿಮಗೆ, ಬಾಸುಂಡೆ ಬಂದಿದ್ದು ನನ್ನ ಮಗನಿಗೆ, ಸ್ವಾಮಿ' ಎಂದು ಹೇಳಿ ಹೊರಟುಹೋದರು.

ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಕರೆಯಬಹುದಿತ್ತು. ನಾನು ಹೋಗಲಿಲ್ಲ, ನಾಚಿಕೆಯಾಯಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಹಾಕುತ್ತಾ ಹೋದೆ. ವರ್ಷದ ಕೊನೆಗೆ ಹೆಸರನ್ನೇ ಹೊಡೆದುಹಾಕಿದೆ.

ಈಗ ಕಾನೂನಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳನ್ನು ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸು ನೋಯಿಸಿ ಹಿಂಸಿಸುವುದನ್ನೂ ನಿಷೇಧಿಸಿದೆ. ಒಳ್ಳೆಯದಾಯಿತು. ಆದರೆ ಬೆತ್ತ ಹೋದ ಮಾತ್ರಕ್ಕೆ ಸಿಟ್ಟು ಹೋಗುವುದಿಲ್ಲ. ಹೋಗಲೂ ಬಾರದು. ಆ ತಾಯಿಗೂ ಸಿಟ್ಟಿತ್ತು. ಅದನ್ನು ಅವರು ಊರ ತುಂಬ ಹರಡಲಿಲ್ಲ. ಒಂದೇ ಮಾತಿನಲ್ಲಿ ತಂದು ನನ್ನ ಮುಂದಿಟ್ಟರು. ಆಮೇಲೆ ನಾನು ಇನ್ನೊಂದು ಮಗುವನ್ನು ಹೊಡೆಯಲಿಲ್ಲ.

ನಮ್ಮ ಪಕ್ಕದ ದೇವರಾಯನದುರ್ಗಕ್ಕೆ ನಾವೆಲ್ಲ ಹೋಗಿದ್ದೇವೆ. ಕೆಳಗೆ ಭೋಗನರಸಿಂಹ, ಬೆಟ್ಟದ ಮೇಲೆ ಯೋಗನರಸಿಂಹ. ಕಂಬ ಒಡೆದು ಬಂದ ದೇವರು ಅದು. ಹಿರಣ್ಯಕಶಿಪು ಸತ್ತ ಮೇಲೂ ಅವನ ಸಿಟ್ಟು ಇಳಿಯಲಿಲ್ಲವಂತೆ. ದೇವತೆಗಳಿಗೂ ಹತ್ತಿರ ಹೋಗಲು ಭಯ. ಹೋದವನು ಪ್ರಹ್ಲಾದ, ಇನ್ನೂ ಹುಡುಗ. ಅವನನ್ನು ನೋಡಿ ದೇವರು ಶಾಂತನಾದ. ನನ್ನ ಮುಂದೆಯೂ ಒಬ್ಬ ಹುಡುಗ ನಿಂತಿದ್ದ. ನಾನು ಅವನ ಮುಖ ನೋಡಲಿಲ್ಲ.

ಇಲ್ಲಿರುವ ಅಧ್ಯಾಪಕ ಮಿತ್ರರಿಗೆ, ಮನೆಯಲ್ಲಿ ಮಕ್ಕಳಿರುವ ಎಲ್ಲರಿಗೂ ನನ್ನದೊಂದೇ ಕೋರಿಕೆ. 'ಸಿಟ್ಟು ಬಂತು' ಎನ್ನುವ ಬದಲು ಒಮ್ಮೆ 'ನಾನು ಸಿಟ್ಟು ಮಾಡಿದೆ' ಎಂದು ಹೇಳಿ ನೋಡಿ. ಮುಂದಿನ ಮಾತು ತಾನಾಗಿ ಬೇರೆಯಾಗುತ್ತದೆ.

ಅಂದು ಮೇಷ್ಟ್ರು ಕೇಳಿದ ವಾಕ್ಯವನ್ನು ಇವತ್ತು ಅವರ ಶಾಲೆಯಲ್ಲೇ ಒಪ್ಪಿಸುತ್ತೇನೆ: ನಾನು ಕೆಂಡಾಮಂಡಲನಾದೆ, ಒಬ್ಬ ಹುಡುಗ ಶಾಲೆ ಬಿಟ್ಟ.

ಹೋಂವರ್ಕ್ ಮಾಡದೆ ಬಂದವನು ಅವನೊಬ್ಬನೇ ಆಗಿರಲಿಲ್ಲ.